ಹೊಳೆಗೆ ಇಳಿಯುವ ದಾರಿ

‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತನ್ನು ಶಿವಮೊಗ್ಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನ ಹೆಸರು ‘ಸಿಹಿಮೊಗೆ’ಯಿಂದ ಬಂತೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ‘ಶಿವಮುಖ’ದಿಂದ ಬಂತು ಎನ್ನುವವರೂ ಇದ್ದಾರೆ, ಆ ವಾದ ಇಲ್ಲಿ ಬೇಡ. ತುಂಗೆಯ ನೀರು ಎಷ್ಟೇ ಸಿಹಿಯಾಗಿರಲಿ, ಅದನ್ನು ಬೊಗಸೆಯಲ್ಲಿ ಎತ್ತಿಕೊಳ್ಳಬೇಕಾದರೆ ಅಲ್ಲಿಗೆ ಇಳಿಯಲು ಒಂದು ದಾರಿ ಬೇಕು. ಆ ದಾರಿ ಯಾರದು? ಅದನ್ನು ಗುರುತಿಸಿದವರು ಯಾರು, ಅಳಿಸಿದವರು ಯಾರು? ಅಣೆಕಟ್ಟೆಗಳ ಬಗ್ಗೆ, ನೀರಿನ ಹಂಚಿಕೆಯ ಬಗ್ಗೆ, ನದಿಯ ಮಾಲಿನ್ಯದ ಬಗ್ಗೆ ನಮ್ಮಲ್ಲಿ ರಾಶಿ ಬರಹಗಳಿವೆ. ಹೊಳೆಗೆ ಹೋಗುವ ದಾರಿಯ ಬಗ್ಗೆ ಬರೆದವರು ಕಡಿಮೆ.

ಕರಾವಳಿಯವರಿಗೆ ಈ ಪ್ರಶ್ನೆ ಹೊಸದಲ್ಲ. ಬಲೆ ಹೊತ್ತು, ಮೀನಿನ ಬುಟ್ಟಿ ಹೊತ್ತು ತಲೆಮಾರುಗಳಿಂದ ನಡೆದ ಓಣಿಯ ಬಾಯಿಗೆ ಒಂದು ದಿನ ಗೇಟು ಬೀಳುತ್ತದೆ. ಒಳಗೆ ರೆಸಾರ್ಟು, ಹೊರಗೆ ಕಾವಲುಗಾರ. ಗೋವಾದ ಪಣಜಿ ಬಳಿಯ ವೈಂಗಿಣಿ ಕಡಲತೀರದಲ್ಲಿ ಇಂಥದೇ ವ್ಯಾಜ್ಯ ಹುಟ್ಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೋಟೆಲಿಗಾಗಿ ಸರ್ಕಾರ ಭೂಸ್ವಾಧೀನ ಮಾಡಿಕೊಟ್ಟಾಗ, ಕಡಲಿಗೆ ಹೋಗುವ ಸಾರ್ವಜನಿಕ ದಾರಿಯನ್ನು ತೆರೆದಿಡಬೇಕು ಎಂಬ ಷರತ್ತು 1983ರ ಕರಾರಿನಲ್ಲೇ ಇತ್ತು. ಫೊಮೆಂಟೊ ರೆಸಾರ್ಟ್ಸ್ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ 2009ರ ಜನವರಿಯಲ್ಲಿ ತೀರ್ಪು ಬಂತು. ಇಂಥ ದಾರಿಗಳನ್ನು ಸರ್ಕಾರ ಜನರ ಪರವಾಗಿ ಕಾಯುವ ವಿಶ್ವಸ್ತ ಮಾತ್ರ, ತನಗೆ ಬೇಕೆಂದಂತೆ ಒಬ್ಬರಿಗೆ ಬಿಟ್ಟುಕೊಡುವ ಒಡೆಯನಲ್ಲ ಎಂಬ ತತ್ವವನ್ನು ನ್ಯಾಯಾಲಯ ಎತ್ತಿಹಿಡಿದು ಜನರ ದಾರಿಯನ್ನು ಉಳಿಸಿತು. ಅದಕ್ಕೆ ಹದಿಮೂರು ವರ್ಷ ಹಿಂದೆ, 1996ರಲ್ಲಿ, ಹಿಮಾಚಲದ ಬಿಯಾಸ್ ನದಿಯ ಪ್ರಕರಣದಲ್ಲಿ ಇದೇ ನ್ಯಾಯಾಲಯ ಇದೇ ತತ್ವವನ್ನು ನದಿಗೆ ಅನ್ವಯಿಸಿತ್ತು. ಕಡಲಿಗೂ ಹೊಳೆಗೂ ನ್ಯಾಯ ಒಂದೇ ಎಂದಾಯಿತು.

ನಮ್ಮ ರಾಜ್ಯದ ಕಾನೂನು ಇದನ್ನು ಅದಕ್ಕೂ ಮುಂಚೆಯೇ ಹೇಳಿತ್ತು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಸೆಕ್ಷನ್ ಸಾರ್ವಜನಿಕ ರಸ್ತೆ, ಬೀದಿ, ಓಣಿ, ಕಾಲುದಾರಿಗಳನ್ನೂ, ಕಡಲಿನ ತಳ, ನದಿ, ಹಳ್ಳ, ಕೆರೆಗಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ, ಬೇರೆಯವರ ಸ್ವತ್ತೆಂದು ಸಿದ್ಧವಾಗದ ಹೊರತು ಇವೆಲ್ಲ ಸರ್ಕಾರದವು ಎನ್ನುತ್ತದೆ. ನಮ್ಮ ಗಮನ ಸೆಳೆಯುವುದು ಅದರ ಮುಂದಿನ ಸೆಕ್ಷನ್. ಒಂದು ಸಾರ್ವಜನಿಕ ದಾರಿ ಇನ್ನು ಜನರಿಗೆ ಬೇಡ ಎಂದು ಅದರ ಮೇಲಿನ ಹಕ್ಕನ್ನು ರದ್ದು ಮಾಡಬೇಕಾದರೆ ಆ ಉದ್ದೇಶವನ್ನು ಮುಂಚಿತವಾಗಿ ಪ್ರಕಟಿಸಬೇಕು, ಆಕ್ಷೇಪಣೆ ಇದ್ದವರ ಮಾತು ಕೇಳಬೇಕು. ಅಂದರೆ ಕಾನೂನಿನ ಕಣ್ಣಿನಲ್ಲಿ ದಾರಿಗೂ ಒಂದು ಸಾವಿನ ಸುದ್ದಿ ಇದೆ. ಡಂಗುರ ಸಾರದೆ ದಾರಿ ಸಾಯುವ ಹಾಗಿಲ್ಲ. ಆದರೆ ನಮ್ಮ ಊರುಗಳಲ್ಲಿ ಹೊಳೆದಾರಿಗಳು ಸಾಮಾನ್ಯವಾಗಿ ಸಾಯುವುದು ಸದ್ದಿಲ್ಲದೆ. ಮೊದಲು ಬೇಲಿಯ ಒಂದು ಮುಳ್ಳು ಮುಂದೆ ಬರುತ್ತದೆ. ಆಮೇಲೆ ಕಸ ಬೀಳುತ್ತದೆ. ಆಮೇಲೆ ಶೀಟಿನ ಶೆಡ್ಡು. ಹತ್ತು ವರ್ಷ ಕಳೆದ ಮೇಲೆ ಇಲ್ಲಿ ದಾರಿಯೊಂದಿತ್ತು ಎಂದವನೇ ಜಗಳಗಂಟ ಎನಿಸಿಕೊಳ್ಳುತ್ತಾನೆ.

ಈ ದಾರಿಗಳು ಕಾಗದಕ್ಕೆ ಬಂದದ್ದು ಯಾವಾಗ? ಮಲೆನಾಡಿನಲ್ಲಿ ಭೂಮಿಯ ಲೆಕ್ಕ ಎಂದೊಡನೆ ನೆನಪಾಗುವುದು ಕೆಳದಿಯ ಶಿವಪ್ಪನಾಯಕನ ‘ಶಿಸ್ತು’. 17ನೇ ಶತಮಾನದ ನಡುವಿನಲ್ಲಿ ಅವನು ಗೊತ್ತುಮಾಡಿದ ಕಂದಾಯ ಪದ್ಧತಿ ಹೆಸರುವಾಸಿಯೇ. ಅದರ ಕಣ್ಣು ಇದ್ದದ್ದು ಬೆಳೆಯುವ ನೆಲದ ಮೇಲೆ. ಎಷ್ಟು ಬೀಜ ಹಿಡಿಯುತ್ತದೆ, ಎಷ್ಟು ಫಲ ಕೊಡುತ್ತದೆ ಎಂಬುದರ ಮೇಲೆ. ದಾರಿ ಬೆಳೆ ಕೊಡುವುದಿಲ್ಲವಲ್ಲ. ಸರ್ವೆ ನಂಬರು, ಗಡಿಕಲ್ಲು, ಗ್ರಾಮನಕ್ಷೆ ಇವೆಲ್ಲ ಬಂದದ್ದು ಬ್ರಿಟಿಷ್ ಕಮಿಷನರರ ಕಾಲದಲ್ಲಿ, 1863ರಲ್ಲಿ ಬೊಂಬಾಯಿ ಮಾದರಿಯ ಭೂಮಾಪನ ಮೈಸೂರು ಸೀಮೆಯಲ್ಲಿ ಆರಂಭವಾದ ಮೇಲೆ. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ನೆಲವೇ ಒಂದು ಗುಂಟೆ, 1,089 ಚದರಡಿ. ಇಂದಿಗೂ ನಾವು ನಿವೇಶನ ಕೊಳ್ಳುವಾಗ ಬಾಯಲ್ಲಿ ಆಡುವ ಗುಂಟೆ ಆ ಸರಪಳಿಯ ಮಗು.

ಹಾಗೆ ಅಳೆಯುವಾಗ ಅಳತೆಗಾರರು ಹೊಲದ ನಡುವೆ ಹಾದುಹೋಗುವ ಬಂಡಿದಾರಿ, ಕಾಲುದಾರಿಗಳನ್ನು ನಕ್ಷೆಯಲ್ಲಿ ಚುಕ್ಕಿಗೆರೆಗಳಿಂದ ತೋರಿಸಿದರು. ಉಳುಮೆಗೆ ಬಾರದ ನೆಲವನ್ನು ‘ಖರಾಬು’ ಎಂದು ಬೇರೆ ಮಾಡಿದರು. ಹೆಸರು ಕೇಳಿದರೆ ಕೆಟ್ಟ ನೆಲ ಎಂಬ ಭಾವನೆ ಬರುತ್ತದೆ. ಫಾರಸಿ, ಉರ್ದುವಿನಿಂದ ಬಂದ ಆ ಪದ ಕಂದಾಯ ಇಲಾಖೆಯ ಕಣ್ಣಿಗೆ ಕಂಡ ಸತ್ಯ. ತೆರಿಗೆ ಬಾರದ್ದೆಲ್ಲ ಖರಾಬು. 1966ರ ಭೂಕಂದಾಯ ನಿಯಮಗಳು ಅದನ್ನು ಎರಡಾಗಿ ವಿಂಗಡಿಸಿವೆ. ಕೃಷಿಗೆ ಒಗ್ಗದ್ದು, ಕಣ, ಮನೆ ಇರುವ ಜಾಗ ‘ಎ’ ಖರಾಬು. ದಾರಿ, ಕಾಲುದಾರಿ, ಕೆರೆ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕರು ಬಳಸುವುದು ‘ಬಿ’ ಖರಾಬು. ಊರಿನ ಎಲ್ಲರಿಗೂ ಸೇರಿದ ಹೊಳೆದಾರಿ, ಖಬರಸ್ತಾನ, ರುದ್ರಭೂಮಿ ಮೂರೂ ಪಹಣಿಯಲ್ಲಿ ಒಂದೇ ಅಕ್ಷರದ ಕೆಳಗೆ ಒಟ್ಟಿಗೆ ಕುಳಿತಿವೆ. ಖಬರಸ್ತಾನಕ್ಕೆ ಹೋಗುವ ದಾರಿಗಾಗಿ ಕಚೇರಿ ಅಲೆದ ಜಮಾಅತ್‌ನವರಿಗೆ ‘ಬಿ’ ಖರಾಬಿನ ಬೆಲೆ ಏನೆಂದು ನಾವು ವಿವರಿಸಬೇಕಾಗಿಲ್ಲ.

ಕಾಗದದ ಆಚೆಗೆ ಇನ್ನೊಂದು ದಾಖಲೆ ಇತ್ತು. ಅದು ಶ್ಯಾನುಭೋಗರ, ತೋಟಿ ತಳವಾರರ ನೆನಪು. ಯಾವ ಹುಣಸೆಮರದಿಂದ ಯಾವ ಬಂಡೆಯವರೆಗೆ ದಾರಿ ಎಂಬುದು ಅವರ ಕಾಲಿಗೆ ಗೊತ್ತಿತ್ತು. 1960ರ ದಶಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಒಳ್ಳೆಯದೇ ಆಯಿತು, ಆ ಪದ್ಧತಿಯಲ್ಲಿ ದಬ್ಬಾಳಿಕೆ ಬಹಳವಿತ್ತು. ಆದರೆ ಆ ನೆನಪನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ನಾವು ಮಾಡಲಿಲ್ಲ.

ಹೊಳೆದಾರಿಯಲ್ಲಿ ಯಾರು ನಡೆಯುತ್ತಿದ್ದರು ಎಂದು ಕೇಳುವ ಬದಲು ಯಾರು ನಡೆಯುತ್ತಿರಲಿಲ್ಲ ಎಂದು ಕೇಳಬೇಕು. ಕೊಡ ಹೊತ್ತ ಹೆಂಗಸರು, ಗಂಟು ಹೊತ್ತ ಮಡಿವಾಳರು, ಬಲೆ ಹಿಡಿದ ಬೆಸ್ತರು, ಮೈ ತೊಳೆಯಲು ಎಮ್ಮೆ ಹೊಡೆದುಕೊಂಡು ಹೋಗುವ ಹುಡುಗರು, ಹರಿಗೋಲಿಗೆ ಕಾಯುವ ಸಂತೆಯ ಜನ, ವುಝೂ ಮಾಡಿ ದಂಡೆಯಲ್ಲೇ ನಮಾಜು ಮುಗಿಸುವ ದಾರಿಹೋಕ. ಗಣಪತಿ ನೀರಿಗೆ ಹೋಗುವುದೂ ಇದೇ ದಾರಿಯಲ್ಲಿ. ಕರ್ನಾಟಕದ ಹಳ್ಳಿಗಳಲ್ಲಿ ಮುಹರ್ರಮ್‌ನ ಹತ್ತನೆಯ ದಿನ ಪಂಜಾಗಳು ‘ಹೊಳೆಗೆ ಹೋಗುವುದೂ’ ಇದೇ ದಾರಿಯಲ್ಲಿ. ಆ ಆಚರಣೆಯ ಧಾರ್ಮಿಕ ಸರಿತಪ್ಪುಗಳ ಚರ್ಚೆ ಬೇರೆ. ಈ ಪುಟಗಳ ಓದುಗರಿಗೆ ಅದು ಗೊತ್ತು. ಇಲ್ಲಿ ನಮಗೆ ಬೇಕಾದದ್ದು ಚರಿತ್ರೆಯ ಸಾಕ್ಷಿ ಮಾತ್ರ. ಶಿವಮೊಗ್ಗದ ಹಳೆಯ ಪೇಟೆಯ ಭಾಗದಲ್ಲಿ, ಪ್ರವಾಹ ಬಂದರೆ ತುಂಗೆಯ ನೀರು ನುಗ್ಗುವ ತಗ್ಗಿನಲ್ಲಿ, ಇಮಾಂಬಾಡ ಎಂಬ ಹೆಸರಿನ ಬಡಾವಣೆ ಇದೆ. ಅದರ ಜೊತೆಗೇ ಕೇಳಿಬರುವ ಇನ್ನೊಂದು ಹೆಸರು ಕುಂಬಾರಗುಂಡಿ. ಒಂದರಲ್ಲಿ ಶೋಕದ ನೆನಪು, ಇನ್ನೊಂದರಲ್ಲಿ ಮಣ್ಣಿನ ಕಸುಬು. ಎರಡಕ್ಕೂ ಹೊಳೆ ಬೇಕಿತ್ತು.

ಹಾಗೆಂದು ಹಿಂದಿನದೆಲ್ಲ ಚೆಂದವಿತ್ತು ಎಂದು ಬರೆದರೆ ಅದು ಚರಿತ್ರೆಯಾಗುವುದಿಲ್ಲ. ನಮ್ಮ ಊರುಗಳಲ್ಲಿ ಹೊಳೆ ಒಂದೇ ಆಗಿದ್ದರೂ ಇಳಿಯುವ ಜಾಗ ಒಂದೇ ಆಗಿರಲಿಲ್ಲ. ಮೇಲಿನವರಿಗೆ ಮೇಲಿನ ಮೆಟ್ಟಿಲು, ಕೆಳಗಿನವರಿಗೆ ಹರಿವಿನ ಕೆಳಗೆ ಎಲ್ಲೋ ಒಂದು ಕೆಸರಿನ ಇಳಿಜಾರು. ‘ಸಾರ್ವಜನಿಕ’ ಎಂಬ ಪದಕ್ಕೆ ಅರ್ಥ ಬರಲು 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯವರೆಗೆ ನಡೆದು ಹೋಗಿ ನೀರು ಕುಡಿಯಬೇಕಾಯಿತು. ಅಲ್ಲಿಯ ಪುರಸಭೆ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಕಾಗದದ ಮೇಲೆ ಮೊದಲೇ ನಿರ್ಣಯ ಮಾಡಿತ್ತು ಎಂಬುದನ್ನು ಮರೆಯಬಾರದು. ಕಾಗದದಲ್ಲಿದ್ದ ದಾರಿ ನೆಲಕ್ಕೆ ಬಂದದ್ದು ಕಾಲುಗಳಿಂದ. ಆ ಮೇಲೂ ವ್ಯಾಜ್ಯ ಮುಗಿದದ್ದು ಹತ್ತು ವರ್ಷದ ನಂತರ, 1937ರಲ್ಲಿ, ಬೊಂಬಾಯಿ ಹೈಕೋರ್ಟಿನಲ್ಲಿ.

ಇಸ್ಲಾಮಿನ ಚರಿತ್ರೆಯಲ್ಲಿ ಈ ವಿಷಯ ಆರಂಭದಲ್ಲೇ ಬರುತ್ತದೆ. ದಾರಿಯಿಂದ ತೊಡಕನ್ನು ಸರಿಸುವುದನ್ನು ಪ್ರವಾದಿ ಮುಹಮ್ಮದ್(ಸ) ಈಮಾನಿನ ಒಂದು ಅಂಗವೆಂದು ಕಲಿಸಿದರು. ನೀರು, ಹುಲ್ಲುಗಾವಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂದು ಹೇಳಿದರು. ಮದೀನಾದ ರೂಮಾ ಬಾವಿಯ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ನೀರಿಗೆ ಕಾಸು ಕೇಳುತ್ತಿದ್ದ ಆ ಬಾವಿಯನ್ನು ಹ. ಉಸ್ಮಾನ್(ರ) ತಮ್ಮ ಹಣದಿಂದ ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಫಿಕ್ಹ್ ಪಂಡಿತರು ಬಾವಿ, ಕಾಲುವೆ, ನದಿಗಳ ಸುತ್ತ ಯಾರೂ ಕಟ್ಟಡ ಕಟ್ಟದೆ ಬಿಡಬೇಕಾದ ಅಂಚಿಗೆ ‘ಹರೀಮ್’ ಎಂದು ಹೆಸರಿಟ್ಟರು. ಬಾಯಾರಿದವನು, ಬಾಯಾರಿದ ಜಾನುವಾರು ನೀರಿನವರೆಗೆ ಬರುವ ಹಕ್ಕನ್ನು ಬೇರೆಯಾಗಿಯೇ ಚರ್ಚಿಸಿದರು. 1869ರಿಂದ 1876ರ ನಡುವೆ ಉಸ್ಮಾನಿ ತುರ್ಕರು ರಚಿಸಿದ ‘ಮಜಲ್ಲಾ’ ಎಂಬ ನಾಗರಿಕ ಸಂಹಿತೆಯಲ್ಲಿ ದಾರಿ, ನೀರು, ನಡೆದುಹೋಗುವ ಹಕ್ಕುಗಳಿಗೆ ಸಾಲುಸಾಲು ಕಲಮುಗಳಿವೆ. ನಮ್ಮಲ್ಲಿ ಮೈಸೂರಿನ ಅಳತೆಗಾರರು ಸರಪಳಿ ಎಳೆಯುತ್ತಿದ್ದದ್ದೂ ಅದೇ ವರ್ಷಗಳಲ್ಲಿ. ಒಂದು ಕಡೆ ಹಕ್ಕು ಬರಹಕ್ಕಿಳಿಯಿತು, ಇನ್ನೊಂದು ಕಡೆ ನೆಲದ ಗೆರೆ. ಎರಡೂ ಒಂದೇ ಕಡೆ ಇದ್ದಿದ್ದರೆ ಚೆನ್ನಾಗಿತ್ತು.

ಈಗ ಶಿವಮೊಗ್ಗಕ್ಕೆ ಬರೋಣ. ತುಂಗೆಯಲ್ಲಿ ನೀರು ಎಷ್ಟಿದೆ ಎಂದು ತಿಳಿಯಲು ಈ ಊರಿನವರು ನೋಡುವುದು ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗೆ ನಿಂತಿರುವ ಮಂಟಪವನ್ನು. ಮಂಟಪ ಮುಳುಗಿತೆಂದರೆ ಹೊಳೆ ತುಂಬಿತು. ಜನ ಸೇತುವೆಯ ಮೇಲೆ ಸೇರುತ್ತಾರೆ, ಬಾಗಿನ ಬಿಡುತ್ತಾರೆ. ನೀರಿನ ಮಟ್ಟಕ್ಕೆ ಹೀಗೊಂದು ಕಲ್ಲಿನ ಗುರುತು ಇದೆ, ಎಲ್ಲ ಜಾತಿ ಧರ್ಮದವರೂ ಅದನ್ನು ನಂಬುತ್ತಾರೆ. ನೀರಿಗೆ ಇಳಿಯುವ ದಾರಿಗೆ ಅಂಥ ಗುರುತು ಇಟ್ಟಿದ್ದರೆ ಎಂದು ನಮಗೆ ಅನೇಕ ಸಲ ಅನಿಸಿದೆ.

ಊರು ಬೆನ್ನು ತಿರುಗಿಸಿದ್ದು ಒಂದೇ ದಿನದಲ್ಲಲ್ಲ. 1899ರಲ್ಲಿ ಬೀರೂರಿನಿಂದ ರೈಲು ಬಂತು, ಸರಕು ಇಳಿಯುವ ಜಾಗ ಬದಲಾಯಿತು. ಮನೆಗೆ ನಲ್ಲಿ ಬಂದ ಮೇಲೆ ಕೊಡ ಹೊತ್ತವರು ನಿಂತರು. ಹೆಂಗಸರ ಸೊಂಟದ ಭಾರ ಇಳಿಸಿದ ನಲ್ಲಿಯನ್ನು ನಾವು ದೂರಲಾರೆವು. ಆದರೆ ನಡೆಯುವವರಿಲ್ಲದ ದಾರಿಗೆ ಕಾವಲು ಇರುವುದಿಲ್ಲ. ಹೊಳೆಯ ಕಡೆ ಇದ್ದ ತಲೆಬಾಗಿಲು ಹಿತ್ತಿಲ ಬಾಗಿಲಾಯಿತು, ಹಿತ್ತಿಲು ಚರಂಡಿಯಾಯಿತು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಊರಿಗೆ ಹೊಳೆ ಇದೆ ಎಂಬುದು ಮತ್ತೆ ನೆನಪಾಯಿತು. ಆ ಮನೆಗಳ ಬಹುಪಾಲು ಜನ ಬಡವರು. ಅವರು ಹೊಳೆಯ ಜಾಗ ಒತ್ತುವರಿ ಮಾಡಿದರು ಎಂದು ಬಾಯಿಗೆ ಬಂದಂತೆ ಹೇಳುವವರಿದ್ದಾರೆ. ಶೆಡ್ಡು ಹಾಕಿದ ಬಡವನ ಹೆಸರು ಬೇಗ ಬಾಯಿಗೆ ಬರುತ್ತದೆ, ಕಾಂಪೌಂಡು ಕಟ್ಟಿದವನ ಹೆಸರು ಬರುವುದಿಲ್ಲ. ದಾರಿ ಬಿಡಿಸುವ ಕೆಲಸ ಗುಡಿಸಲಿನಿಂದ ಶುರುವಾಗಿ ಗುಡಿಸಲಿನಲ್ಲೇ ಮುಗಿಯುವುದಾದರೆ ಅದಕ್ಕೆ ನಮ್ಮ ಒಪ್ಪಿಗೆ ಇಲ್ಲ.

2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಯೋಜನೆಯಲ್ಲಿ ತುಂಗೆಯ ದಂಡೆಯಲ್ಲಿ ನಡೆದಾಡುವ ಹಾದಿ, ಉದ್ಯಾನ ನಿರ್ಮಾಣವಾದವು. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಒಂದು ಜಾಗವಾಯಿತು, ಸಂತೋಷ. ಆದರೆ ಹೊಳೆಯ ಪಕ್ಕ ನಡೆಯುವುದು ಬೇರೆ, ಹೊಳೆಗೆ ನಡೆಯುವುದು ಬೇರೆ. ಒಂದು ವಿಹಾರ, ಇನ್ನೊಂದು ಹಕ್ಕು. ದಂಡೆಗುಂಟ ಕಟ್ಟಿದ ಗೋಡೆ, ಕಂಬಿಗಳ ನಡುವೆ ಹಳೆಯ ಅಡ್ಡದಾರಿಗಳಿಗೆ ಬಾಗಿಲು ಬಿಡಬೇಕು. ಬಟ್ಟೆಯ ಗಂಟಿನೊಂದಿಗೆ ಬರುವವನನ್ನೂ ಬಲೆಯೊಂದಿಗೆ ಬರುವವನನ್ನೂ ಅಲ್ಲಿ ತಡೆಯಬಾರದು. ಉದ್ಯಾನವೆಂದರೆ ಬೆಳಿಗ್ಗೆ ತೆರೆದು ರಾತ್ರಿ ಮುಚ್ಚುವ ಜಾಗ. ಸಾರ್ವಜನಿಕ ದಾರಿಗೆ ಬೀಗದ ಕೈ ಇರುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇವೆ. ನಮ್ಮ ಊರಿನಲ್ಲಿ ‘ದಾರಿ’ಯ ಬಗ್ಗೆ ಸಭೆ ಎಂದರೆ ಮೆರವಣಿಗೆಯ ದಾರಿಯ ಬಗ್ಗೆ ಶಾಂತಿ ಸಭೆ ಎಂದೇ ಅರ್ಥವಾಗಿದೆ. ಯಾವ ಬೀದಿಯಲ್ಲಿ ಯಾರು ಎಷ್ಟು ಹೊತ್ತಿಗೆ ಹಾದುಹೋಗಬೇಕು ಎಂದು ಎರಡೂ ಕಡೆಯ ಹಿರಿಯರು ಪೊಲೀಸರ ಮುಂದೆ ಕುಳಿತು ತೀರ್ಮಾನಿಸುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ದಾರಿಗೆ ಇಷ್ಟು ಕಾಳಜಿ. ಎರಡೂ ಸಮುದಾಯಗಳು ದಿನವೂ ನಡೆದ ಹೊಳೆದಾರಿ ಕಳೆದುಹೋದಾಗ ಯಾವ ಸಭೆಯೂ ಸೇರುವುದಿಲ್ಲ.

ಭದ್ರಾವತಿಯ ಕಥೆ ಸ್ವಲ್ಪ ಬೇರೆ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನ ಹಳೇನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಸ ಊರನ್ನು ಹುಟ್ಟಿಸಿದ್ದು ಕಾರ್ಖಾನೆ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ, 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂತು. ಎರಡಕ್ಕೂ ಭದ್ರೆಯ ನೀರು ಬೇಕಿತ್ತು. ನೀರಿಗಾಗಿ ಹೊಳೆಯ ಬಳಿಗೆ ಬಂದ ಕಾರ್ಖಾನೆಯ ಬೇಲಿ ಇತರರ ಹೊಳೆಗೆ ಅಡ್ಡವಾಗುವುದು ಲೋಕದ ಎಲ್ಲ ಕಡೆ ನಡೆದದ್ದೇ. ಆದರೂ ಸಾವಿರಾರು ಮನೆಗಳ ಒಲೆ ಉರಿಸಿದ ಕಾರ್ಖಾನೆಗಳ ಮೇಲೆ ಭದ್ರಾವತಿಯವರಿಗೆ ಮಮತೆಯೇ ಹೆಚ್ಚು. ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುವ ಊರಾದದ್ದು ಅವುಗಳಿಂದಲೇ.

ದಾರಿ ಮುಚ್ಚಲು ಗೋಡೆಯೇ ಬೇಕೆಂದಿಲ್ಲ ಎಂಬುದನ್ನೂ ಭದ್ರೆ ಕಲಿಸಿದ್ದಾಳೆ. ಕಾರ್ಖಾನೆಯ ಕೊಳಕು ಹೊಳೆಗೆ ಸೇರಿ ಮೀನು ಸತ್ತು ತೇಲಿದ ದಿನಗಳನ್ನು ಊರು ಕಂಡಿದೆ. ನೀರು ಮುಟ್ಟುವಂತಿಲ್ಲ ಎಂದಾದರೆ ಮೆಟ್ಟಿಲು ಇದ್ದೂ ಇಲ್ಲದಂತೆ. ಮೇಲೆ ಲಕ್ಕವಳ್ಳಿಯಲ್ಲಿ 1965ರ ಹೊತ್ತಿಗೆ ಭದ್ರಾ ಅಣೆಕಟ್ಟೆ ಪೂರ್ಣವಾದ ಮೇಲೆ ಹೊಳೆಯ ಏರಿಳಿತ ಗೇಟಿನ ಕೈಗೆ ಹೋಯಿತು. ಮಳೆಗಾಲದಲ್ಲಿ ಗೇಟು ತೆರೆದಾಗ ಊರಿನ ಹೊಸ ಸೇತುವೆಯೇ ಮುಳುಗುತ್ತದೆ, ಕವಲಗುಂದಿಯ ಮನೆಗಳಿಗೆ ನೀರು ಬರುತ್ತದೆ, ಯಾರೂ ಹೊಳೆಗೆ ಇಳಿಯಬಾರದು ಎಂದು ಧ್ವನಿವರ್ಧಕ ಕೂಗುತ್ತದೆ. ಜೀವ ಉಳಿಸುವ ಕೂಗು ಅದು, ಬೇಕೇಬೇಕು.

ಭದ್ರಾವತಿಯ ಪ್ರಶ್ನೆ ಈಗ ತುರ್ತಿನದು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ, ಅದು ಕಬ್ಬಿಣ ಕೊಟ್ಟ ನೂರನೆಯ ವರ್ಷದಲ್ಲೇ, ಪ್ರಕಟವಾಗಿ ಕಾರ್ಮಿಕರು ಬೀದಿಗಿಳಿದರು. ಇವು ಮತ್ತೆ ನಡೆಯಲಿ ಎಂಬುದೇ ನಮ್ಮ ಆಸೆ. ಆದರೆ ಕಾರ್ಖಾನೆಯ ನೆಲ ಗುತ್ತಿಗೆಗೋ ಮಾರಾಟಕ್ಕೋ ಬರುವ ದಿನ ಬಂದರೆ, ಕರಾರಿಗೆ ಸಹಿ ಬೀಳುವ ಮುಂಚೆ ಆ ಸರ್ವೆ ನಂಬರುಗಳ ಹಳೆಯ ಗ್ರಾಮನಕ್ಷೆಗಳನ್ನು ಹೊರತೆಗೆಯಬೇಕು. ಅದರಲ್ಲಿ ಹೊಳೆಯ ಕಡೆ ಹೋಗುವ ಚುಕ್ಕಿಗೆರೆ ಇದ್ದರೆ ಅದನ್ನು ಕರಾರಿನಲ್ಲೇ ಬರೆಸಬೇಕು. ಗೋವಾದ ಜನ ಗೆದ್ದದ್ದು 1983ರ ಕರಾರಿನಲ್ಲಿದ್ದ ಒಂದು ಷರತ್ತಿನ ಬಲದಿಂದ ಎಂಬುದನ್ನು ಮೇಲೆ ನೋಡಿದೆವು. ಬರೆಸದೆ ಬಿಟ್ಟರೆ ಇಪ್ಪತ್ತು ವರ್ಷದ ಮೇಲೆ ನ್ಯಾಯಾಲಯದಲ್ಲಿ ತೋರಿಸಲು ನಮ್ಮ ಮಕ್ಕಳ ಕೈಯಲ್ಲಿ ಏನೂ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಇದನ್ನು ಊರುಊರಿಗೆ ಮಾಡಿದರು. 1932ರಲ್ಲಿ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿ ಕಾರ್ಮಿಕರು ಜಮೀನುದಾರರ ಬೇಟೆಕಾಡಾಗಿದ್ದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಗುಂಪಾಗಿ ನುಗ್ಗಿ ನಡೆದರು, ಕೆಲವರು ಜೈಲಿಗೂ ಹೋದರು. 1949ರ ಕಾಯ್ದೆ ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ಅಧಿಕೃತ ನಕ್ಷೆಗೆ ಏರಿಸಬೇಕೆಂದು ವಿಧಿಸಿತು. ನಕ್ಷೆಗೆ ಬಂದ ದಾರಿಗೆ ಮಾರ್ಗಸೂಚಿ ಕಂಬ ಬಂತು. 2000ದ ಕಾಯ್ದೆಯಲ್ಲಿ, 2026ರೊಳಗೆ ದಾಖಲಾಗದ ಹಳೆಯ ದಾರಿಗಳ ಹಕ್ಕು ಹೋಗುತ್ತದೆ ಎಂಬ ಗಡುವು ಇಟ್ಟಾಗ ಸ್ವಯಂಸೇವಕರು ಹಳೆಯ ನಕ್ಷೆಗಳನ್ನು ಹಿಡಿದು ಕುಳಿತರು. ಆ ಗಡುವು ಆಮೇಲೆ 2031ಕ್ಕೆ ಮುಂದೆ ಹೋಯಿತು.

ನಮ್ಮಲ್ಲಿ ಹುಡುಕುವವರಿಗೆ ಸಾಧನಗಳು ಇಲ್ಲವೆಂದಲ್ಲ. ಭೂಮಾಪನ ಇಲಾಖೆಯ ಕಚೇರಿಯಲ್ಲಿ ಶುಲ್ಕ ಕಟ್ಟಿದರೆ ಗ್ರಾಮನಕ್ಷೆಯ ಪ್ರತಿ, ಟಿಪ್ಪಣಿ, ಆಕಾರಬಂದ್ ಸಿಗುತ್ತವೆ. ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವ ‘ದಿಶಾಂಕ್’ ಇದೆ. ದಾರಿಗೆ ಅಡ್ಡಿ ಮಾಡಿದರೆ ತೆರವಿಗೆ ಆದೇಶಿಸುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಆದರೆ ಹಳ್ಳಿಯ ನೆಲ ನಗರದೊಳಗೆ ಸೇರಿ, ಹೊಲ ಬಡಾವಣೆಯಾಗಿ, ಸರ್ವೆ ನಂಬರು ಹೋಗಿ ಖಾತೆ ನಂಬರು ಬಂದಾಗ ಚುಕ್ಕಿಗೆರೆ ಹೊಸ ನಕ್ಷೆಗೆ ದಾಟುತ್ತದೆಯೇ ಎಂದು ಯಾರಾದರೂ ಕುಳಿತು ಹೋಲಿಸಿ ನೋಡಬೇಕು. ಅದು ಎಂಜಿನಿಯರರ ಕೆಲಸವೇ ಆಗಬೇಕೆಂದಿಲ್ಲ. ಒಂದು ಕಾಲೇಜಿನ ಇತಿಹಾಸ ವಿಭಾಗ, ಒಂದು ಜಮಾಅತ್, ಒಂದು ಯುವಕ ಸಂಘ, ಮಡಿವಾಳರ ಅಥವಾ ಬೆಸ್ತರ ಒಂದು ಸಂಘ ಸೇರಿದರೆ ಒಂದು ಬೇಸಿಗೆ ಸಾಕು.

2024ರ ನವೆಂಬರ್‌ನಲ್ಲಿ ‘ನಿರ್ಮಲ ತುಂಗಭದ್ರಾ ಅಭಿಯಾನ’ದವರು ಶೃಂಗೇರಿಯಿಂದ ಹೊರಟು ಕಿಷ್ಕಿಂಧೆಯವರೆಗೆ ಪಾದಯಾತ್ರೆ ಮಾಡಿದರು. ಶಿವಮೊಗ್ಗದಲ್ಲೂ ಜನ ಸೇರಿದರು. ನೀರು ಶುದ್ಧವಾಗಲಿ ಎಂಬುದು ಅವರ ಬೇಡಿಕೆ, ನಮ್ಮದೂ ಅದೇ. ಅಂಥ ಯಾತ್ರೆ ಮತ್ತೆ ಹೊರಡುವಾಗ ಜೋಳಿಗೆಯಲ್ಲಿ ದಾರಿಯ ಊರುಗಳ ಗ್ರಾಮನಕ್ಷೆಗಳೂ ಇರಲಿ. ಪ್ರತಿ ಊರಿನಲ್ಲಿ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ನಕ್ಷೆಯ ಚುಕ್ಕಿಗೆರೆ ಎಲ್ಲಿ ನೀರು ಮುಟ್ಟುತ್ತದೋ ಅಲ್ಲಿ ನಿಂತು, ‘ಇದು ಸಾರ್ವಜನಿಕ ದಾರಿ’ ಎಂದು ಕೆತ್ತಿದ ಒಂದು ಕಲ್ಲು ನೆಡಲು ಪಂಚಾಯತಿಯನ್ನೋ ನಗರಸಭೆಯನ್ನೋ ಕೇಳಬಹುದು. ಶಿವಮೊಗ್ಗದಲ್ಲಾದರೆ ಮೊದಲ ಕಲ್ಲಿಗೆ ಜಾಗ ಹುಡುಕಬೇಕಾಗಿಲ್ಲ. ಕೋರ್ಪಲಯ್ಯನ ಛತ್ರದ ಬಳಿ, ಮಂಟಪ ಕಾಣುವಲ್ಲಿ ನೆಟ್ಟರೆ ಸಾಕು. ಹೊಳೆ ತುಂಬಿದ ದಿನ ಎಲ್ಲರೂ ಅಲ್ಲಿಗೇ ಬರುತ್ತಾರೆ.